ಗೆದ್ದಾಗ ಹಿಗ್ಗು, ಸೋತಾಗ ಕುಗ್ಗು: ಆಟದಂಗಳ ಕಲಿಸುವ ಸಮಚಿತ್ತ

ಗೆಲುವು ಮತ್ತು ಸೋಲು ಒಂದೇ ಅಂಗಳದಲ್ಲಿ, ಒಂದೇ ಕ್ಷಣದಲ್ಲಿ ಹುಟ್ಟುತ್ತವೆ. ಒಬ್ಬರು ಕೈಯೆತ್ತಿ ಕುಣಿಯುವಾಗಲೇ ಇನ್ನೊಬ್ಬರ ತಲೆ ಬಾಗಿರುತ್ತದೆ. ಗೆದ್ದವರನ್ನು ಹೊತ್ತು ಮೆರೆಸುವ ನಾವು ಸೋತವರ ಕಡೆ ತಿರುಗಿ ನೋಡುವುದು ಅಪರೂಪ.

2023ರ ನವೆಂಬರ್ 19ರ ಸಂಜೆಯನ್ನು ನಾವಾರೂ ಮರೆತಿಲ್ಲ. ಸತತ ಹತ್ತು ಪಂದ್ಯಗಳನ್ನು ಗೆದ್ದು ಬಂದಿದ್ದ ಭಾರತ ತಂಡವು ಅಹಮದಾಬಾದಿನ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಆಸ್ಟ್ರೇಲಿಯಾಕ್ಕೆ ಆರು ವಿಕೆಟ್‌ಗಳಿಂದ ಸೋತಿತು. ತುಂಬಿದ ಕ್ರೀಡಾಂಗಣ ಮೌನವಾಯಿತು; ಆಟಗಾರರ ಕಣ್ಣುಗಳು ತೇವಗೊಂಡವು. ಹತ್ತು ಗೆಲುವುಗಳ ನೆನಪೂ ಆ ಒಂದು ಸೋಲಿನ ನೋವನ್ನು ತಗ್ಗಿಸಲಿಲ್ಲ.

ಇದಕ್ಕೆ ಕಾರಣವಿದೆ. ಮನಸ್ಸು ದೊರೆತದ್ದನ್ನು ಮಾತ್ರ ಎಣಿಸುವುದಿಲ್ಲ, ಕೈತಪ್ಪಿದ್ದನ್ನೂ ಅಳೆಯುತ್ತದೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ದೃಶ್ಯಗಳನ್ನು ಪರಿಶೀಲಿಸಿದ ಅಮೆರಿಕದ ಮನೋವಿಜ್ಞಾನಿಗಳು, ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರೇ ಹೆಚ್ಚು ಸಂತುಷ್ಟರಾಗಿ ಕಂಡರೆಂದು 1995ರಲ್ಲಿ ಪ್ರಕಟಿಸಿದರು. ಬೆಳ್ಳಿಯವರು ತಪ್ಪಿದ ಚಿನ್ನವನ್ನು ನೆನೆದರೆ, ಕಂಚಿನವರು ಬರಿಗೈಯಲ್ಲಿ ಮರಳಲಿಲ್ಲವೆಂದು ನೆಮ್ಮದಿಪಟ್ಟರು ಎಂಬುದು ಅವರು ನೀಡಿದ ವಿವರಣೆ. ದುಃಖದ ಅಳತೆ ಪದಕದಲ್ಲಿಲ್ಲ, ನೋಡುವ ದೃಷ್ಟಿಯಲ್ಲಿದೆ.

ಕಾಲಚಕ್ರ ತಿರುಗಿತು. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಭಾರತವು ದಕ್ಷಿಣ ಆಫ್ರಿಕಾವನ್ನು ಏಳು ರನ್‌ಗಳಿಂದ ಮಣಿಸಿ ಟಿ20 ವಿಶ್ವಕಪ್ ಗೆದ್ದಿತು. ಅಂದು ನಮ್ಮ ಕನ್ನಡಿಗ, ತರಬೇತುದಾರ ರಾಹುಲ್ ದ್ರಾವಿಡ್ ಟ್ರೋಫಿ ಹಿಡಿದು ಮಗುವಿನಂತೆ ಕೂಗಿ ಸಂಭ್ರಮಿಸಿದರು. 2007ರಲ್ಲಿ ಇದೇ ವೆಸ್ಟ್ ಇಂಡೀಸ್ ನೆಲದಲ್ಲಿ, ಅವರ ನಾಯಕತ್ವದ ತಂಡವು ಏಕದಿನ ವಿಶ್ವಕಪ್‌ನ ಮೊದಲ ಸುತ್ತಿನಲ್ಲೇ ಹೊರಬಿದ್ದಿತ್ತು. ಸದಾ ಶಾಂತರೆನಿಸಿದ ಅವರ ಆ ಕೂಗಿನಿಂದ ನಾವು ಅರಿಯಬೇಕಾದುದಿದೆ: ಸಮಚಿತ್ತವೆಂದರೆ ಭಾವನೆಯೇ ಇಲ್ಲದಿರುವುದಲ್ಲ. ಹಿಗ್ಗಿದರೂ ಸೊಕ್ಕದಿರುವುದು, ನೊಂದರೂ ಕಾಯಕವನ್ನು ಬಿಡದಿರುವುದು ಸಮಚಿತ್ತ.

ಅದೇ ದಿನ 30 ಎಸೆತಗಳಲ್ಲಿ 30 ರನ್ ಬೇಕಿದ್ದಾಗ ಎಡವಿದ ದಕ್ಷಿಣ ಆಫ್ರಿಕಾದವರೂ ಕಣ್ಣೀರಿಟ್ಟರು. ನಮ್ಮ ಪಟಾಕಿಯ ಸದ್ದಿನಲ್ಲಿ ಆ ನೋವು ನಮಗೆ ಕೇಳಿಸಲಿಲ್ಲ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. 2025ರ ಜೂನ್‌ನಲ್ಲಿ ಲಾರ್ಡ್ಸ್ ಅಂಗಳದಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಪಡೆದರು.

ಈ ಪಾಠ ದೊಡ್ಡ ಕ್ರೀಡಾಂಗಣಗಳಿಗಷ್ಟೇ ಸೀಮಿತವಲ್ಲ. ಶಾಲೆಯ ಖೊಖೊ ಪಂದ್ಯದಲ್ಲೋ, ಓಟದ ಸ್ಪರ್ಧೆಯಲ್ಲೋ ಸೋತ ಮಗು ಮನೆಗೆ ಬಂದಾಗ ನಾವು ಆಡುವ ಮೊದಲ ಮಾತು ಯಾವುದು? "ಗೆದ್ದೆಯಾ?" ಎಂಬುದೊಂದೇ ಪ್ರಶ್ನೆಯಾದರೆ, ತನ್ನ ಬೆಲೆಯೂ ಗೆಲುವಿನಷ್ಟೇ ಎಂದು ಮಗು ತಿಳಿಯುತ್ತದೆ. ಕ್ರಮೇಣ ಆಡುವುದನ್ನೇ ತೊರೆಯುತ್ತದೆ, ಇಲ್ಲವೇ ಗೆಲ್ಲಲು ಅಡ್ಡದಾರಿ ಹಿಡಿಯುತ್ತದೆ. "ಹೇಗೆ ಆಡಿದೆ? ಏನು ಕಲಿತೆ?" ಎಂದು ಕೇಳೋಣ. ಅಳು ಬಂದರೆ ಅಳಲು ಬಿಡೋಣ. ಗೆದ್ದು ಬಂದ ಮಗುವಿಗೂ ಎದುರಾಳಿಯ ಕೈಕುಲುಕಿ ಬಂದೆಯಾ ಎಂದು ವಿಚಾರಿಸೋಣ.

ಗೆದ್ದವರಲ್ಲಿ ವಿನಯ, ಸೋತವರಲ್ಲಿ ಧೈರ್ಯ, ನೋಡುವ ನಮ್ಮಲ್ಲಿ ಕರುಣೆ ನೆಲೆಸಿದರೆ ಆಟವು ಬದುಕಿಗೆ ದಾರಿದೀಪವಾಗುತ್ತದೆ.