ಕೈ ತೋರಿದರೆ ನಿಲ್ಲಿಸಿ, ದಂಡ ಕಟ್ಟಿದರೆ ರಸೀದಿ ಕೇಳಿ

ಕೆಲವು ವರ್ಷಗಳ ಹಿಂದಿನ ಮಾತು. ಮೊಮ್ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ರಾಮನಗರದಿಂದ ಕನಕಪುರದ ಮಗಳ ಮನೆಗೆ ಹೊರಟಿದ್ದೆ. ತಿರುವಿನಲ್ಲಿ ಪೊಲೀಸರು ವಾಹನ ತಪಾಸಣೆ ಮಾಡುತ್ತಿದ್ದರು. ನನ್ನ ತಲೆಗೆ ಹೆಲ್ಮೆಟ್ ಇತ್ತು, ಮಗುವಿಗೆ ಇರಲಿಲ್ಲ. ಗಾಬರಿಯಾಗಿ ಗಕ್ಕನೆ ಸ್ಕೂಟರ್ ತಿರುಗಿಸಿಬಿಟ್ಟೆ. ಹಿಂದೆ ಬರುತ್ತಿದ್ದ ಬಸ್ಸು ಕಿರ್ರೆಂದು ನಿಂತಿತು. ಚೂರು ದಂಡ ಉಳಿಸಲು ಹೋಗಿ ಏನು ಕಳೆದುಕೊಳ್ಳುತ್ತಿದ್ದೆ!

"ತಾತ, ನೀನ್ಯಾಕೆ ಹೆದರ್ಕೊಂಡೆ?" ಎಂದಳು ಮೊಮ್ಮಗಳು. ತಪ್ಪು ನನ್ನದಿತ್ತು, ಜೊತೆಗೆ ನಿಯಮವೂ ಗೊತ್ತಿರಲಿಲ್ಲ. ಬ್ಯಾಂಕಿನಲ್ಲಿ ಲೆಡ್ಜರ್ ನೋಡುತ್ತಿದ್ದ ಹಾಗೆ 1988ರ ಮೋಟಾರು ವಾಹನ ಕಾಯ್ದೆಯನ್ನು ಕೂತು ಓದಿದೆ.

130ನೇ ಸೆಕ್ಷನ್ ಪ್ರಕಾರ, ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು. ಮೊಬೈಲಿನ ಡಿಜಿಲಾಕರ್‌ನಲ್ಲಿದ್ದರೂ ಆದೀತು. 206ನೇ ಸೆಕ್ಷನ್ ಪ್ರಕಾರ, ಲೈಸೆನ್ಸನ್ನು ಅವರು ವಶಕ್ಕೆ ಪಡೆದರೆ ಅದಕ್ಕೆ ಸ್ವೀಕೃತಿ ಪತ್ರ ಕೊಡಬೇಕು. ದಂಡಕ್ಕೂ ರಸೀದಿ ಇರಬೇಕು. ರಸೀದಿಯಿಲ್ಲದೆ ಹಣ ಕೈಬದಲಾಗಬಾರದು ಎಂಬುದನ್ನು ನನ್ನಂಥ ಗುಮಾಸ್ತನಿಗೆ ಯಾರೂ ಹೇಳಿಕೊಡಬೇಕಿಲ್ಲ!

ಪೊಲೀಸರಿಗೂ ಕಟ್ಟುಪಾಡುಗಳಿವೆ. 2025ರ ಮೇ ತಿಂಗಳಲ್ಲಿ ನಮ್ಮ ಚನ್ನಪಟ್ಟಣದಾಚೆಯ ಮಂಡ್ಯದಲ್ಲಿ, ನಾಯಿ ಕಚ್ಚಿದ್ದ ಪುಟ್ಟ ಮಗುವನ್ನು ತಂದೆತಾಯಿ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆಂದು ತಡೆದಾಗ ಮಗು ಕೆಳಗೆ ಬಿದ್ದು ಪ್ರಾಣ ಬಿಟ್ಟಿತು. ಮೂವರು ಎಎಸ್‌ಐಗಳು ಅಮಾನತಾದರು. ಆ ಬಳಿಕ ರಾಜ್ಯದ ಪೊಲೀಸ್ ಮುಖ್ಯಸ್ಥ ಎಂ.ಎ. ಸಲೀಂ ಸುತ್ತೋಲೆ ಹೊರಡಿಸಿದರು. ಕಣ್ಣಿಗೆ ಕಾಣುವ ತಪ್ಪಿಲ್ಲದೆ, ಬರೀ ದಾಖಲೆ ನೋಡಲು ವಾಹನ ನಿಲ್ಲಿಸಬಾರದು. ದಿಢೀರನೆ ಅಡ್ಡ ಬರಬಾರದು, ಕೀಲಿ ಕಿತ್ತುಕೊಳ್ಳಬಾರದು, ಹಿಂದೆ ಕೂತವರನ್ನು ಎಳೆಯಬಾರದು.

ಹಾಗೆಂದು ಕೈ ತೋರಿದಾಗ ನಿಲ್ಲಿಸದೆ ಓಡುವುದು ನಮ್ಮ ಹಕ್ಕಲ್ಲ. ವೇಗ ತಗ್ಗಿಸಿ, ಪಕ್ಕಕ್ಕೆ ನಿಲ್ಲಿಸಿ, ಸಮಾಧಾನದಿಂದ ಮಾತಾಡಿ. ಅನ್ಯಾಯವೆನಿಸಿದರೆ ಅಧಿಕಾರಿಯ ಹೆಸರು, ಸ್ಥಳ, ಸಮಯ ಬರೆದಿಟ್ಟುಕೊಂಡು ಮೇಲಧಿಕಾರಿಗೆ ದೂರು ಕೊಡಿ. ರಸ್ತೆಯಲ್ಲಿ ಜಗಳ ಬೇಡ.

ಮಕ್ಕಳೇ, ನಾಲ್ಕು ವರ್ಷ ದಾಟಿದ ನಿಮಗೂ ಹೆಲ್ಮೆಟ್ ಕಡ್ಡಾಯ. ಅಜ್ಜ ಅಜ್ಜಿಯರೇ, ಮಾಗಡಿ ಸಂತೆಗೆ ಹೋಗಿ ಬರಲಿ ಎಂದು ಹೈಸ್ಕೂಲು ಮೊಮ್ಮಗನ ಕೈಗೆ ಬೈಕ್ ಕೊಡಬೇಡಿ. ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಈಗ ನಾನು ಸ್ಕೂಟರ್ ಹೊರತೆಗೆದರೆ ಸಾಕು, ಮೊಮ್ಮಗಳು ಎರಡು ಹೆಲ್ಮೆಟ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ನನ್ನದನ್ನು ಹಾಕಿಕೊಳ್ಳುವವರೆಗೂ ಹತ್ತುವುದಿಲ್ಲ. ನಮ್ಮ ಮನೆಯ ತಪಾಸಣೆ ಅಲ್ಲೇ ಮುಗಿಯುತ್ತದೆ.