ಪಲ್ಲಾಡಿಯಮ್ ಕ್ರಿಯಾವರ್ಧನೆ ಮತ್ತು ಅಲ್ಪಾಂಶದ ಸಮಸ್ಯೆ

ಒಂದು ಇಂಗಾಲದ ಪರಮಾಣುವನ್ನು ಮತ್ತೊಂದರೊಡನೆ ನಿಯತವಾದ ಸ್ಥಾನದಲ್ಲಿ ಬೆಸೆಯುವುದು ಸಾವಯವ ಸಂಶ್ಲೇಷಣೆಯ ಮೂಲ ಸಮಸ್ಯೆಗಳಲ್ಲೊಂದು. ಈ ಕಾರ್ಯದಲ್ಲಿ ಪಲ್ಲಾಡಿಯಮ್ ಲೋಹಕ್ಕಿರುವ ಪ್ರಾಧಾನ್ಯ ಸುವಿದಿತವಾದುದು. ಹೆಕ್, ನೆಗಿಶಿ ಮತ್ತು ಸುಜುಕಿ ಅವರಿಗೆ 2010ರ ನೊಬೆಲ್ ಪಾರಿತೋಷಕ ಸಂದದ್ದು ಇದಕ್ಕಾಗಿಯೇ. ಆದರೆ ಈ ಲೋಹವಿಲ್ಲದೆಯೂ ಅದೇ ಕ್ರಿಯೆ ನಡೆಯುವುದೆಂಬ ವಾದ ಆಗಾಗ ಕೇಳಿಬಂದಿದೆ. ಅಂತಹ ಎರಡು ಸಂದರ್ಭಗಳನ್ನು ಇಲ್ಲಿ ಪರಿಶೀಲಿಸುತ್ತೇವೆ.

ಸುಜುಕಿ ಮತ್ತು ಮಿಯೌರ ಅವರು 1979ರಲ್ಲಿ ಪ್ರಕಟಿಸಿದ ಕ್ರಿಯೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೊದಲು ಪಲ್ಲಾಡಿಯಮ್ ಪರಮಾಣು ಇಂಗಾಲ ಮತ್ತು ಹ್ಯಾಲೊಜನ್‌ಗಳ ನಡುವಣ ಬಂಧವನ್ನು ಒಡೆದು ಅವೆರಡರ ಮಧ್ಯೆ ಸೇರುತ್ತದೆ. ಇದು ಉತ್ಕರ್ಷಣ ಸಂಕಲನ. ಬಳಿಕ ಪ್ರತ್ಯಾಮ್ಲದ ನೆರವಿನಿಂದ, ಬೋರಾನಿಗೆ ಅಂಟಿದ್ದ ಇಂಗಾಲದ ಗುಂಪು ಲೋಹಕ್ಕೆ ವರ್ಗವಾಗುತ್ತದೆ. ಕಡೆಯಲ್ಲಿ ಎರಡು ಗುಂಪುಗಳೂ ಒಂದಾಗಿ ಹೊರಬೀಳುತ್ತವೆ. ಲೋಹವು ಪೂರ್ವಸ್ಥಿತಿಗೆ ಮರಳಿ ಮತ್ತೊಂದು ಆವರ್ತಕ್ಕೆ ಸಿದ್ಧವಾಗುತ್ತದೆ. ಒಂದೇ ಪರಮಾಣು ಇಂತಹ ಸಾವಿರಾರು ಆವರ್ತಗಳನ್ನು ನಡೆಸಬಲ್ಲದಾದ್ದರಿಂದ ಅತ್ಯಲ್ಪ ಪ್ರಮಾಣವೂ ಸಾಕಾಗುತ್ತದೆ. ಈ ಗುಣವೇ ಮುಂದಿನ ತೊಡಕಿಗೂ ಕಾರಣವಾಯಿತು.

ಪಲ್ಲಾಡಿಯಮ್ ದುಬಾರಿಯಾದ, ವಿರಳವಾದ ಲೋಹ. ಔಷಧಗಳಲ್ಲಿ ಅದರ ಶೇಷಕ್ಕೆ ಮಿತಿಯುಂಟು: ಬಾಯಿಯ ಮೂಲಕ ಸೇವಿಸುವ ಔಷಧದಿಂದ ದಿನಕ್ಕೆ 100 ಮೈಕ್ರೊಗ್ರಾಮಿಗಿಂತ ಹೆಚ್ಚು ದೇಹವನ್ನು ಸೇರಕೂಡದೆಂದು ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆದ್ದರಿಂದಲೇ ಲೋಹರಹಿತ ವಿಧಾನದ ಆಸೆ ಸಹಜವಾದುದು.

2003ರಲ್ಲಿ ಲೆಡ್‌ಬೀಟರ್ ಮತ್ತು ಅವರ ಸಹೋದ್ಯೋಗಿ, ನೀರಿನಲ್ಲಿ ಸೂಕ್ಷ್ಮತರಂಗಗಳಿಂದ ಕಾಯಿಸಿದಾಗ ಈ ಕ್ರಿಯೆ ಪಲ್ಲಾಡಿಯಮ್ ಇಲ್ಲದೆ ನಡೆಯಿತೆಂದು ವರದಿ ಮಾಡಿದರು. 2005ರಲ್ಲಿ ತಮ್ಮ ನಿರ್ಣಯವನ್ನು ತಾವೇ ಮರುಪರೀಕ್ಷಿಸಿ, ಪ್ರತ್ಯಾಮ್ಲವಾಗಿ ಬಳಸಿದ ಸೋಡಿಯಂ ಕಾರ್ಬೊನೇಟಿನಲ್ಲಿ ನೂರು ಕೋಟಿ ಭಾಗಗಳಿಗೆ ಸುಮಾರು 50 ಭಾಗದಷ್ಟಿದ್ದ ಪಲ್ಲಾಡಿಯಮ್ ಕಲ್ಮಷವೇ ಇದಕ್ಕೆ ಕಾರಣವೆಂದು ತೋರಿಸಿದರು.

2021ರಲ್ಲಿ ಒಂದು ಅಮೀನ್ ಸಂಯುಕ್ತವೇ ಇದಕ್ಕೆ ಕ್ರಿಯಾವರ್ಧಕವೆಂಬ ಲೇಖನ ಪ್ರಕಟವಾಯಿತು. ಆದರೆ ಆ ಅಮೀನನ್ನು ತಯಾರಿಸುವಾಗಲೇ ಪಲ್ಲಾಡಿಯಮ್ಮನ್ನು ಬಳಸಲಾಗಿತ್ತು. ಶುದ್ಧೀಕರಣದ ನಂತರವೂ ಉಳಿದುಬಂದ ಪಲ್ಲಾಡಿಯಮ್ ಸಂಯುಕ್ತವೇ ನಿಜವಾದ ಕರ್ತೃವೆಂದು ಇತರ ಪ್ರಯೋಗಶಾಲೆಗಳ ಪರೀಕ್ಷೆಯಿಂದ ತಿಳಿದುಬಂದು, ಅದೇ ವರ್ಷ ಲೇಖನವನ್ನು ಹಿಂದೆಗೆದುಕೊಳ್ಳಲಾಯಿತು.

ಇವೆರಡರಿಂದಲೂ ವಿದ್ಯಾರ್ಥಿಗಳು ಗ್ರಹಿಸಬೇಕಾದ ಅಂಶವೊಂದುಂಟು. ಶಂಕಿತ ಕ್ರಿಯಾವರ್ಧಕವನ್ನು ಬಿಟ್ಟು ಪ್ರಯೋಗವನ್ನು ಪುನರಾವರ್ತಿಸುವುದು ನಮ್ಮಲ್ಲಿ ರೂಢಿಯಾದ ಪರೀಕ್ಷೆ. ಕಲ್ಮಷವು ಆ ವಸ್ತುವಿನೊಡನೆಯೇ ಬಂದು ಅದರೊಡನೆಯೇ ಹೋಗುವುದಾದರೆ ಈ ಪರೀಕ್ಷೆ ನಮ್ಮನ್ನು ದಾರಿತಪ್ಪಿಸುತ್ತದೆ. ಅದೇ ವಸ್ತುವನ್ನು ಪಲ್ಲಾಡಿಯಮ್ ಸೋಂಕದ ಬೇರೊಂದು ಮಾರ್ಗದಿಂದ ತಯಾರಿಸಿ ನೋಡಬೇಕು. ಬೇರೆ ಬೇರೆ ಮೂಲಗಳ ದ್ರವ್ಯಗಳನ್ನು ಹೋಲಿಸಬೇಕು. ಹೊಸ ಪಾತ್ರೆಗಳನ್ನೂ ಹೊಸ ಕಲಕುಕಡ್ಡಿಗಳನ್ನೂ ಬಳಸಬೇಕು. ಲೋಹವನ್ನು ಹಾಕಿಲ್ಲವೆಂಬುದು ಬೇರೆ, ಲೋಹವಿಲ್ಲವೆಂಬುದು ಬೇರೆ. ಎರಡನೆಯದಕ್ಕೆ ಸೂಕ್ಷ್ಮವಿಶ್ಲೇಷಣೆಯ ಪ್ರಮಾಣ ಅವಶ್ಯಕ.