ಉಕ್ಕಿನ ಬಳೆಯೂ ಗಣಕಯಂತ್ರದ ಲೆಕ್ಕವೂ

ಔರಾದ ಕಡೆಯ ಪಾಲಕರೊಬ್ಬರು, “ಅಕ್ಕನವರೇ, ಎಸ್.ಎಸ್.ಎಲ್.ಸಿ. ಆದ ಮೇಲೆಯೂ ಹುಡುಗಿಗೆ ಗಣಿತವೇತಕ್ಕೆ?” ಎಂದು ನಮ್ಮನ್ನು ಕೇಳಿದರು. ನಾವು ಅವರ ಮೋಟಾರು ಸೈಕಲ್ಲಿನ ಚಕ್ರವನ್ನು ತೋರಿಸಿದೆವು. ಅಂದು ಕೊಟ್ಟ ಉತ್ತರವನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತೇವೆ.

ಚಕ್ರದ ನಡುವೆ ಬೇರಿಂಗ್ ಎಂಬ ಸಾಧನವುಂಟು. ಒಳಗೊಂದು, ಹೊರಗೊಂದು ಉಕ್ಕಿನ ಬಳೆ. ಅವೆರಡರ ನಡುವೆ ಉರುಳುವ ಉಕ್ಕಿನ ಗುಂಡುಗಳು. ಇವುಗಳಿಂದ ಘರ್ಷಣೆಯು ಬಹಳ ಕಡಿಮೆಯಾಗುತ್ತದೆ. ಬೆಂಗಳೂರಿನ ಬೊಮ್ಮಸಂದ್ರದಲ್ಲಿಯೂ ಬೇರಿಂಗ್ ಕಾರ್ಖಾನೆಯುಂಟು.

ಬಳೆಯ ಉಕ್ಕಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಸುಮಾರು 1 ಪಾಲು ಇಂಗಾಲವೂ 1.5 ಪಾಲು ಕ್ರೋಮಿಯಮ್ಮೂ ಇರುತ್ತವೆ. ಅದನ್ನು ಸುಮಾರು 1100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಪ್ರೆಸ್ಸಿನಲ್ಲಿ ಒತ್ತಿ, ನಡುವೆ ತೂತು ಹೊಡೆದು, ರೋಲರುಗಳ ನಡುವೆ ತಿರುಗಿಸಿ ಅಗಲಿಸುತ್ತಾರೆ. ಇದು ಜೋಳದ ರೊಟ್ಟಿಯನ್ನು ಬಡಿದಂತೆಯೇ ಸರಿ. ಮುದ್ದೆಯು ತೆಳುವಾದಷ್ಟೂ ಅಗಲವಾಗುವುದು. ಹಿಟ್ಟು ಹೆಚ್ಚುವುದೂ ಇಲ್ಲ, ಕುಂದುವುದೂ ಇಲ್ಲ. ಎಸರಿನ ಬಿಸಿ ಸಾಲದಿದ್ದರೆ ಅಂಚು ಬಿರಿಯುವುದು. ಉಕ್ಕೂ ಬೇಗನೆ ತಣಿದರೆ ಹಾಗೆಯೇ ಬಿರಿಯಬಹುದು. ಆದರೆ ಬಿರಿದ ರೊಟ್ಟಿಯ ಹಿಟ್ಟನ್ನು ಮತ್ತೆ ನಾದಬಹುದು. ಬಿರುಕು ಅಡಗಿದ ಬೇರಿಂಗು ಓಡುವ ವಾಹನದಲ್ಲಿ ಒಡೆದರೆ ಪ್ರಾಣಕ್ಕೇ ಅಪಾಯ.

ಹಿಂದೆ ಅಚ್ಚನ್ನು ಮಾಡಿ, ಒತ್ತಿ ನೋಡಿ, ತಪ್ಪಿದರೆ ಅಚ್ಚನ್ನೇ ತಿದ್ದಬೇಕಾಗಿತ್ತು. ಈಗ ಆ ಪರೀಕ್ಷೆಯ ಬಹುಭಾಗವನ್ನು ಮೊದಲು ಗಣಕಯಂತ್ರದಲ್ಲಿ ನಡೆಸಬಹುದು. ಉಕ್ಕಿನ ಆಕೃತಿಯನ್ನು ಸಾವಿರಾರು ಚಿಕ್ಕ ತುಂಡುಗಳಾಗಿ ಕಲ್ಪಿಸಿ, ಒಂದೊಂದೂ ಎಷ್ಟು ಕಾದಿದೆ, ಎತ್ತ ಸರಿಯುತ್ತದೆ, ನೆರೆಯದನ್ನು ಎಷ್ಟು ಒತ್ತುತ್ತದೆ ಎಂದು ಕ್ಷಣಕ್ಷಣದ ಲೆಕ್ಕ ಹಾಕುವರು. ಈ ವಿಧಾನಕ್ಕೆ 1960ರಲ್ಲಿ ಅಮೆರಿಕದ ಪ್ರಾಧ್ಯಾಪಕ ರೇ ಕ್ಲಫ್ ಅವರು ‘ಫೈನೈಟ್ ಎಲಿಮೆಂಟ್’ ಎಂದು ಹೆಸರಿಟ್ಟರು. ಬಿರುಕು ಬರಬಹುದಾದ ಜಾಗವು ಉಕ್ಕನ್ನು ಕಾಯಿಸುವ ಮೊದಲೇ ತೆರೆಯ ಮೇಲೆ ಕಾಣಿಸುವುದು.

ಆದರೆ ಯಂತ್ರವು ತಾನಾಗಿ ಸತ್ಯವನ್ನರಿಯದು. ಉಕ್ಕಿನ ಬಿಸಿಯನ್ನೋ ಅಚ್ಚಿನ ಘರ್ಷಣೆಯನ್ನೋ ತಪ್ಪಾಗಿ ಕೊಟ್ಟರೆ, ತಪ್ಪು ಉತ್ತರವನ್ನೇ ಅಂದವಾದ ಚಿತ್ರವಾಗಿ ತೋರಿಸುವುದು. ಬಿದರಿಯ ಕುಶಲಕರ್ಮಿಯು ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವಾಗ ಅವನ ಕೈಗೇ ಹದವು ತಿಳಿಯುತ್ತದೆ. ಇಲ್ಲಿಯಾದರೋ ನಿಜವಾದ ಬಳೆಯನ್ನು ಕೊಯ್ದು, ಅಳೆದು, ಲೆಕ್ಕದೊಡನೆ ಹೋಲಿಸಲೇಬೇಕು.

ಇಂಥ ವಿದ್ಯೆಗೆ ದಾರಿ ದೂರವಿಲ್ಲ. ಬೀದರಿನಲ್ಲಿಯೂ ಭಾಲ್ಕಿಯಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳುಂಟು. ರೊಟ್ಟಿಯ ಅಂಚನ್ನು ನೋಡಿ ಹಿಟ್ಟಿನ ಹದವನ್ನರಿಯುವ ಹುಡುಗಿಯು ಉಕ್ಕಿನ ಹದವನ್ನೂ ಕಲಿಯಬಲ್ಲಳು. ಅದಕ್ಕೆ ಬೇಕಾದುದು ಗಣಿತ. ಆದುದರಿಂದ ಹತ್ತನೆಯ ತರಗತಿಗೇ ಅವಳ ಗಣಿತಕ್ಕೆ ಮಂಗಳ ಹಾಡಬೇಡಿರೆಂದು ಪಾಲಕರಲ್ಲಿಯೂ, ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ಬಿನ್ನಹ.